ತಪ್ಪು ಮಳೇದಲ್ಲ, ಕನೆಕ್ಟರಿಂದು

ನಮ್ಮ ಮಲೆನಾಡಲ್ಲಿ ಡಿಶ್ ಟೀವಿ ನಿಂತ್ರೆ ಮೊದಲು ಬೈಸಿಕೊಳ್ಳೋದು ಮಳೆ. ಜೋರು ಮಳೇಲಿ ಕೆಯು ಬ್ಯಾಂಡಿನ ಸಿಗ್ನಲ್ ಕುಗ್ಗುತ್ತೆ, ಒಪ್ಪಿದೆ. ಆದ್ರೆ ಮಳೆ ನಿಂತು, ಬಿಸಿಲು ಬಂದು, ಅಂಗಳದಲ್ಲಿ ಹಪ್ಪಳ ಒಣಗಿದ ಮೇಲೂ ಚಿತ್ರ ಬರಲ್ಲ ಅಂದ್ರೆ ಅದಕ್ಕೂ ಮಳೇನೇ ಕಾರಣಾನಾ? ಡಿಶ್ಶಿನ ಹತ್ತಿರ ಹೋಗಿ ಆ ಪುಟ್ಟ ಎಫ್ ಕನೆಕ್ಟರ್ ಬಿಚ್ಚಿ ನೋಡಿ. ಎಷ್ಟೋ ಸಲ ಒಳಗೆ ಕಿಲುಬು ಹಿಡಿದಿರುತ್ತೆ.

ಹಾಕೋಕೆ ಬಂದ ಹುಡುಗ ಮಾಡಿದ್ದೇನು? ಬ್ಲೇಡಲ್ಲಿ ಕೇಬಲ್ ಗೀರಿ, ಕನೆಕ್ಟರ್ ತಿರುಚಿ, ಕಟಿಂಗ್ ಪ್ಲೇಯರಲ್ಲಿ ಒಂದ್ಸಲ ಅದುಮಿದ. "ಬಂತಲ್ಲ ಸಾರ್." ಈ "ಬಂತಲ್ಲ" ಅನ್ನೋದರ ಮೇಲೇ ನನ್ನ ತಕರಾರು.

ಇದು ಬಲ್ಬಿನ ವೈರಲ್ಲ ಮಾರಾಯ್ರೆ! ಎಲ್‌ಎನ್‌ಬಿಯಿಂದ ಇಳಿಯೋದು ಹೆಚ್ಚುಕಮ್ಮಿ 950ರಿಂದ 2150 ಮೆಗಾಹರ್ಟ್ಸ್. ಅಲ್ಲಿ ಸಿಗ್ನಲ್ ಹರಿಯೋದು ತಂತಿಯ ಮೈಮೇಲಿನ ಕೆಲವೇ ಮೈಕ್ರಾನ್ ತಾಮ್ರದಲ್ಲಿ. ಅದಕ್ಕೇ ಎಷ್ಟೋ ಆರ್‌ಜಿ-6 ಕೇಬಲ್‌ಗಳ ನಡುತಂತಿ ಬರೀ ತಾಮ್ರ ಹೊದ್ದ ಉಕ್ಕು. ಬ್ಲೇಡು ಆ ತಾಮ್ರ ಎಬ್ಬಿಸಿದ್ರೆ ಉಳಿಯೋದು ತುಕ್ಕು. ಎಫ್ ಕನೆಕ್ಟರಿಗೆ ಸಾಮಾನ್ಯವಾಗಿ ಬೇರೆ ಪಿನ್ ಇರಲ್ಲ, ಆ ತಂತೀನೇ ಪಿನ್ನು. ಜಾಲರಿಯ ಒಂದು ಎಳೆ ಅದಕ್ಕೆ ತಾಗಿತೋ, ಎಲ್‌ಎನ್‌ಬಿಗೆ ಅದೇ ಕೇಬಲಲ್ಲಿ ಹೋಗೋ 13-18 ವೋಲ್ಟ್ ಶಾರ್ಟು!

ಪ್ಲೇಯರ್ ಅದುಮಿದ್ರೆ ಉಂಗುರ ಚಪ್ಪಟೆ ಆಗುತ್ತೆ, ಎರಡು ಕಡೆ ಸಂದು ಬಿಡುತ್ತೆ. ಕೇಬಲಿನ 75 ಓಮ್ ಲೆಕ್ಕ ನಿಂತಿರೋದೇ ನಡುತಂತಿಯ ದಪ್ಪ, ಸುತ್ತಲಿನ ಜಾಲರಿಯ ಅಗಲದ ಮೇಲೆ. ಅದು ಕೆಟ್ಟಲ್ಲಿ ಸಿಗ್ನಲ್ ಸ್ವಲ್ಪ ವಾಪಸ್ ಹೋಗುತ್ತೆ. ನೀರು ಮಾತ್ರ ಆ ಸಂದಲ್ಲಿ ನುಗ್ಗಿ ಜಾಲರಿ ಹಿಡಿದು ಒಳಕ್ಕೆ ಇಳಿಯುತ್ತೆ, ಬಿಸಿಲು ಬಂದ್ರೂ ಬೇಗ ಆರಲ್ಲ.

"ಪಾಪ, ಮನೆ ಲೆಕ್ಕದಲ್ಲಿ ದುಡ್ಡು ಸಿಗೋ ಹುಡುಗ, ಅವನೇನು ಮಾಡ್ತಾನೆ?" ಅಂತ ನೀವನ್ನಬಹುದು. ಸರಿನೇ. ನನ್ನ ಸಿಟ್ಟು ಅವನ ಮೇಲಲ್ಲ, ಕೈಗೆ ಕಂಪ್ರೆಶನ್ ಟೂಲ್ ಕೊಡದೆ ಏಣಿ ಹತ್ತಿಸಿದವರ ಮೇಲೆ. ಟೂಲ್ ಒಂದು ಸಲದ ಖರ್ಚು, ರಿಪೇರಿಗೆ ಓಡಾಡೋದು ಪ್ರತಿ ಮಳೆಗಾಲದ್ದು. ಈ ಲೆಕ್ಕ ಮೇಲಿನವರಿಗೆ ಯಾಕೆ ಬರಲ್ವೋ!

ನಾವೂ ಕೇಳಲ್ಲ ಬಿಡಿ. ಕೇಳೋದಾದ್ರೆ ಇಷ್ಟು: ಒಳಗಿನ ಬಿಳಿ ಫೋಮ್ ಕನೆಕ್ಟರಿನ ತಳಕ್ಕೆ ಸಮ ಕೂತಿರಬೇಕು, ನಡುತಂತಿ ಅಂಚಿಂದ ಒಂದೆರಡು ಮಿಲಿಮೀಟರ್ ಹೊರಗಿರಬೇಕು, ಎಳೆದ್ರೆ ಕಳಚಬಾರದು. ಗೋಡೆಯೊಳಗೆ ಹೋಗೋ ಮೊದಲು ಕೇಬಲ್ ಒಂದು ಸಲ ಕೆಳಗೆ ಜೋತು ಬಿದ್ದು ಮೇಲೇರಬೇಕು, ನೀರು ಅಲ್ಲೇ ತೊಟ್ಟಿಕ್ಕಲಿ. ಇಷ್ಟು ಮಾಡಿ ಕೊಟ್ಟ ಹುಡುಗನಿಗೆ ಚಾ ಜೊತೆ ಬಾಳೆಕಾಯಿ ಚಿಪ್ಸೂ ಇದೆ ನಮ್ಮನೇಲಿ.