ಸ್ಯಾನಿಟೈಜರ್‌ಗೆ ಜಗ್ಗದ ಬ್ಯಾಕ್ಟೀರಿಯಾ

ಕೋವಿಡ್ ಗಲಾಟೆ ಮುಗಿದು ವರ್ಷಗಳಾದರೂ ನಮ್ಮ ಆಫೀಸ್ ಬ್ಯಾಗಿನಲ್ಲಿ ಸ್ಯಾನಿಟೈಜರ್ ಬಾಟಲಿ ಉಳಿದುಕೊಂಡಿದೆ. ಇರಲಿ, ಒಳ್ಳೇದೇ. ಆದರೆ ಆಸ್ಪತ್ರೆಯಲ್ಲಿ ಅಂಟಿಕೊಳ್ಳುವ ಒಂದು ಕರುಳಿನ ಸೋಂಕಿನ ಮುಂದೆ ಅದರ ಆಟ ನಡೆಯೋದಿಲ್ಲ. ಆ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್. ಡಾಕ್ಟರುಗಳು ಚಿಕ್ಕದಾಗಿ ‘ಸಿ ಡಿಫ್’ ಅಂತಾರೆ.

ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ. ಆ್ಯಂಟಿಬಯೋಟಿಕ್ ಕೆಟ್ಟವುಗಳ ಜೊತೆ ಇವನ್ನೂ ಕೊಲ್ಲುತ್ತದೆ. ಪೈರು ಹೋದ ಹೊಲದಲ್ಲಿ ಕಸ ಹಬ್ಬಿದಂತೆ, ಖಾಲಿಯಾದ ಜಾಗದಲ್ಲಿ ಸಿ ಡಿಫ್ ಬೆಳೆದು ವಿಷ ಬಿಡುತ್ತದೆ. ನೀರಿನಂಥ ಭೇದಿ, ಹೊಟ್ಟೆನೋವು, ಜ್ವರ. 65 ದಾಟಿದವರಿಗೆ ಪ್ರಾಣಕ್ಕೇ ಸಂಚಕಾರ ಬರಬಹುದು. ಭೇದಿಯ ಜೊತೆ ಹೊರಬಿದ್ದ ಇದರ ಸ್ಪೋರ್‌ಗಳು ಗಟ್ಟಿ ಬೀಜದಂತೆ. ಮಂಚದ ಸರಳು, ನಲ್ಲಿ, ಬಾಗಿಲ ಹಿಡಿಕೆಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ಆಲ್ಕೋಹಾಲ್ ಅವನ್ನು ಕೊಲ್ಲಲ್ಲ. ಸೋಪು ಹಚ್ಚಿ, ಉಜ್ಜಿ, ನೀರಲ್ಲಿ ತೊಳೆದು ಕಳಿಸಬೇಕು.

ಹಾಗಾದರೆ ಕೋವಿಡ್ ಕಾಲದಲ್ಲಿ ಈ ಸೋಂಕು ಏರಬೇಕಿತ್ತಲ್ಲ? ಅಮೆರಿಕದ ಸಿಡಿಸಿ ಲೆಕ್ಕ ಬೇರೆಯೇ ಹೇಳಿತು. 2019ಕ್ಕೆ ಹೋಲಿಸಿದರೆ 2020ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಸಿ ಡಿಫ್ ಸುಮಾರು ಶೇ. 11ರಷ್ಟು ಇಳಿಯಿತು. ಅದೇ ವರ್ಷ ವೆಂಟಿಲೇಟರ್‌ಗೆ ಸಂಬಂಧಿಸಿದ ತೊಂದರೆಗಳು, ರಕ್ತನಾಳಕ್ಕೆ ಹಾಕಿದ ನಳಿಕೆಯ ಸೋಂಕುಗಳು ಏರಿದವು. ಇಳಿಕೆಗೆ ತಜ್ಞರು ಕೊಡುವ ಕಾರಣಗಳು ಹಲವು: ಗ್ಲೌಸು-ಗೌನು, ರೋಗಿಗಳನ್ನು ಬೇರೆಬೇರೆ ಇಟ್ಟಿದ್ದು, ಹೆಚ್ಚಿದ ಸ್ವಚ್ಛತೆ, ಅಲ್ಲಿನ ಹೊರರೋಗಿಗಳಿಗೆ ಬರೆಯುವ ಆ್ಯಂಟಿಬಯೋಟಿಕ್ ಕಡಿಮೆಯಾಗಿದ್ದು. ಮಲಪರೀಕ್ಷೆಯೇ ಕಡಿಮೆಯಾಗಿತ್ತೇನೋ ಎಂಬ ಅನುಮಾನವೂ ಇದೆ.

ಇನ್ನು ನಮ್ಮ ಕಡೆ ನೋಡೋಣ. ಔಷಧ ಮಾರಾಟ ಪರಿಶೀಲಿಸಿದ ಒಂದು ಅಧ್ಯಯನದ ಅಂದಾಜಿನಂತೆ, 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋವಿಡ್ ಕಾರಣಕ್ಕೆ ಭಾರತದಲ್ಲಿ 21.6 ಕೋಟಿ ಡೋಸ್ ಆ್ಯಂಟಿಬಯೋಟಿಕ್ ಹೆಚ್ಚುವರಿ ಖರ್ಚಾಯಿತು. ಅದರಲ್ಲಿ 3.8 ಕೋಟಿ ಅಜಿಥ್ರೋಮೈಸಿನ್. ಕೋವಿಡ್ ತರೋದು ವೈರಸ್, ಅದಕ್ಕೆ ಆ್ಯಂಟಿಬಯೋಟಿಕ್ ತಾಗೋದೇ ಇಲ್ಲ!

ನಮ್ಮೂರು ಜಕ್ಕಲಿ. ದೊಡ್ಡ ಕಾಯಿಲೆ ಅಂದರೆ ಹಿರಿಯರನ್ನು ಗದಗಕ್ಕೋ ಹುಬ್ಬಳ್ಳಿಗೋ ಕರೆದೊಯ್ಯುತ್ತಾರೆ. ನಮ್ಮಂಥ ಮಕ್ಕಳ ಆರೈಕೆಯೆಲ್ಲ ಬೆಂಗಳೂರಿನಿಂದ, ಫೋನಿನಲ್ಲೇ. ಕಳೆದ ವರ್ಷ ನ್ಯುಮೋನಿಯಾಕ್ಕೆ ಚಿಕಿತ್ಸೆ ಪಡೆದು ದೊಡ್ಡಪ್ಪ ಮನೆಗೆ ಬಂದು ವಾರವಾಗಿತ್ತು. ಅವ್ವ ಫೋನ್ ಮಾಡಿ, “ನಿಮ್ಮ ದೊಡ್ಡಪ್ಪಗ ಹೊಟ್ಟಿ ಜಾಡಸಾಕತ್ತೈತಿ. ಗುಳಿಗಿ ಉಷ್ಣ ಆಗಿರಬೇಕು, ಮಜ್ಜಿಗಿ ಕೊಟ್ಟೀವಿ” ಅಂದಳು. “ಅವ್ವಾ, ಡಿಸ್ಚಾರ್ಜ್ ಚೀಟಿ ತಗೊಂಡು ಇವತ್ತ ಡಾಕ್ಟರ್ ಕಡೆ ಹೋಗ್ರಿ” ಅಂದೆ. ಮಲಪರೀಕ್ಷೆ ಆಯಿತು, ಔಷಧ ಬದಲಾಯಿತು, ದೊಡ್ಡಪ್ಪ ಚೇತರಿಸಿಕೊಂಡರು. ಉಷ್ಣ ಅಂತ ಇನ್ನೂ ನಾಲ್ಕು ದಿನ ಕಾದಿದ್ದರೆ ಕಷ್ಟವಿತ್ತು.

ಊರಲ್ಲಿ ಹಿರಿಯರಿದ್ದರೆ ಇಷ್ಟು ನೆನಪಿಡಿ. ಆ್ಯಂಟಿಬಯೋಟಿಕ್ ಮುಗಿದ ಮೇಲೂ ಒಂದರಿಂದ ಮೂರು ತಿಂಗಳು ಈ ಅಪಾಯ ಇರುತ್ತದೆ. ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರಿನಂಥ ಭೇದಿಯಾದರೆ, ಇತ್ತೀಚೆಗೆ ತೆಗೆದುಕೊಂಡ ಮಾತ್ರೆಗಳ ಹೆಸರು ಡಾಕ್ಟರಿಗೆ ಹೇಳಿ. ಭೇದಿ ನಿಲ್ಲಿಸುವ ಗುಳಿಗೆ ಕೇಳದೆ ಕೊಡಬೇಡಿ. ಆರೈಕೆ ಮಾಡುವವರು ಸೋಪು-ನೀರಿನಿಂದಲೇ ಕೈ ತೊಳೆಯಲಿ. ನೆಗಡಿ-ಕೆಮ್ಮಿಗೆ ಮೆಡಿಕಲ್ ಶಾಪಿನಿಂದ ನೇರವಾಗಿ ಆ್ಯಂಟಿಬಯೋಟಿಕ್ ತರಿಸೋದು ಬಿಡಿ.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ “ಊಟ ಆಯ್ತಾ?” ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: “ಯಾವ ಗುಳಿಗಿ ತಗೊಳಾಕತ್ತೀರಿ?”