ಗುರುವಿನ ಗದ್ದಲ

ಬೃಹಸ್ಪತಿಯನ್ನು ನಮ್ಮವರು ವಾಚಸ್ಪತಿಯೆಂದು ಕರೆದರು. ಆ ಹೆಸರಿನ ಗ್ರಹಕ್ಕೂ ಬಾಯಿಯುಂಟೆಂಬುದು ತಿಳಿದುಬಂದುದು 1955ರಲ್ಲಿ, ಅದೂ ಆಕಸ್ಮಿಕವಾಗಿ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ತಂತಿಗಳನ್ನು ಶಿಲುಬೆಯಾಕಾರದಲ್ಲಿ ಹರಡಿ, ಬರ್ಕ್ ಮತ್ತು ಫ್ರಾಂಕ್ಲಿನ್ ಎಂಬ ವಿಜ್ಞಾನಿಗಳು 22.2 ಮೆಗಾಹರ್ಟ್ಸ್‌ನಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಅಳೆಯುತ್ತಿದ್ದರು. ಅವರ ಲಕ್ಷ್ಯವಿದ್ದುದು ಏಡಿ ನೀಹಾರಿಕೆಯ ಕಡೆಗೆ. ನಡುನಡುವೆ ಬೇರೊಂದು ಗರಗರ ಸದ್ದು ದಾಖಲಾಗುತ್ತಿತ್ತು. ಸರಿರಾತ್ರಿ ಮನೆಗೆ ಮರಳುವ ಯಾವನೋ ಹೊಲದಾಳಿನ ಕೆಟ್ಟ ಮೋಟಾರಿನ ಚೇಷ್ಟೆಯೆಂದು ಮೊದಲು ಭಾವಿಸಿದರಂತೆ. ಆದರೆ ಮೋಟಾರುಗಾಡಿ ನಕ್ಷತ್ರಗಳ ಗಡಿಯಾರವನ್ನು ಅನುಸರಿಸುವುದುಂಟೆ? ಸದ್ದು ದಿನದಿನಕ್ಕೂ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು. ಗುರು ಸರಿದಂತೆ ತಾನೂ ಸರಿಯುತ್ತಿತ್ತು. ಆಸ್ಟ್ರೇಲಿಯದ ಶೇನ್ ತಮ್ಮ 1950–51ರ ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ ಅಲ್ಲಿಯೂ ಅದೇ ಸದ್ದು ಅಡಗಿದ್ದಿತು!

ಷಾರ್ಟ್‌ವೇವ್ ರೇಡಿಯೋವೊಂದಕ್ಕೆ ತಕ್ಕ ತಂತಿಯನ್ನು ಕಟ್ಟಿಕೊಂಡರೆ ನೀವೂ ಇದನ್ನು ಕೇಳಬಹುದು. ಒಮ್ಮೆ ಕಡಲಲೆ ತೀರಕ್ಕೆ ಅಪ್ಪಳಿಸಿದಂತೆ, ಒಮ್ಮೆ ಅರಳು ಹುರಿದಂತೆ. ಕೇಳುವ ಮುನ್ನ ಕಾಯಬೇಕು, ಅಷ್ಟೆ. ಗುರು 9 ಗಂಟೆ 55 ನಿಮಿಷಗಳಿಗೊಮ್ಮೆ ತನ್ನ ಸುತ್ತ ತಿರುಗುತ್ತದೆ. ಅದರ ಕೆಲವು ರೇಖಾಂಶಗಳು ನಮ್ಮೆದುರಿಗೆ ಬಂದಾಗ ಸದ್ದು ಹೆಚ್ಚು. ಆದರೂ ಬರಬೇಕಾದ ದಿನ ಅದು ಬಾರದು. ಈ ಒಗಟನ್ನು 1964ರಲ್ಲಿ ಬಿಡಿಸಿದವರು ಬಿಗ್ ಎಂಬ ಆಸ್ಟ್ರೇಲಿಯದ ವಿಜ್ಞಾನಿ. ಅವರು ಸದ್ದಿನ ವೇಳೆಗಳನ್ನು ಉಪಗ್ರಹಗಳ ಸ್ಥಾನದೊಡನೆ ಹೋಲಿಸಿದರು. ಅಯೋ ಎಂಬ ಉಪಗ್ರಹವು ಗುರುವಿನ ಹಿಂಬದಿಯಿಂದ ಹೊರಟು 90 ಅಥವಾ 240 ಡಿಗ್ರಿ ಕ್ರಮಿಸಿದ ಆಸುಪಾಸಿನಲ್ಲಿಯೇ ಪ್ರಬಲ ಸದ್ದುಗಳು ಗುಂಪುಗೂಡಿದ್ದವು. ಹೊಸ ದೂರದರ್ಶಕವೊಂದೂ ಇಲ್ಲದೆ, ಕೋಷ್ಟಕಗಳೆದುರು ಕುಳಿತು ಮಾಡಿದ ಶೋಧ! ಈ ಕಥೆಯಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದ ಭಾಗವಿದು.

ಕಾರಣ ಬಳಿಕ ತಿಳಿಯಿತು. ಗುರುವಿನ ಕಾಂತಕ್ಷೇತ್ರದಲ್ಲಿ ಚಲಿಸುವ ಅಯೋ ವಿದ್ಯುತ್ಪ್ರವಾಹವನ್ನು ಹುಟ್ಟಿಸುತ್ತದೆ. ಎಲೆಕ್ಟ್ರಾನುಗಳು ಕಾಂತರೇಖೆಗಳಗುಂಟ ಸುರುಳಿ ಸುತ್ತುತ್ತ ಧ್ರುವಗಳತ್ತ ಧಾವಿಸಿ, ಅಲ್ಲಿ ಧ್ರುವಪ್ರಭೆಯನ್ನು ಬೆಳಗುತ್ತವೆ, ದಾರಿಯಲ್ಲಿ ರೇಡಿಯೋ ಅಲೆಗಳನ್ನೂ ಸೂಸುತ್ತವೆ. ಅಯೋವಿನ ಆ ಹೆಜ್ಜೆಗುರುತು ಗುರುವಿನ ನೆತ್ತಿಯ ಮೇಲೆ ಹೊಳೆಯುವುದನ್ನು 1993ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಜನ ಕಣ್ಣಾರೆ ಕಂಡರು.

ಆದರೆ ಶನಿ ಈ ವಿಷಯದಲ್ಲಿಯೂ ಶನಿಯೇ. ವಾಯೇಜರ್ ನೌಕೆಗಳು 1980–81ರಲ್ಲಿ ಅದರ ರೇಡಿಯೋ ಮಿಡಿತದಿಂದ ಅಲ್ಲಿಯ ದಿನವನ್ನು 10 ಗಂಟೆ 39 ನಿಮಿಷವೆಂದು ಗುಣಿಸಿದವು. 2004ರಲ್ಲಿ ಕ್ಯಾಸಿನಿ ಹೋಗಿ ಕೇಳಿದಾಗ ಮಿಡಿತ ಸುಮಾರು 10 ಗಂಟೆ 45 ನಿಮಿಷಕ್ಕೆ ಬಂದಿತ್ತು! ಅಂಥ ಮಹಾಕಾಯ ಇಷ್ಟು ಬೇಗ ಮಂದಗತಿಗಿಳಿಯುವುದು ಅಸಾಧ್ಯ. ಮಿಡಿಯುತ್ತಿದ್ದುದು ಕಾಂತಾವರಣ, ಗ್ರಹದ ಒಡಲಲ್ಲ. ಕಡೆಗೆ 2019ರಲ್ಲಿ ಶನಿಯ ಬಳೆಗಳಲ್ಲೇಳುವ ಅಲೆಗಳನ್ನು ಓದಿ 10 ಗಂಟೆ 33 ನಿಮಿಷ 38 ಸೆಕೆಂಡು ಎಂದು ಲೆಕ್ಕ ಹಾಕಿದರು.