ಢಾಕಾಗೆ ಹೋಗೋ ದಾರಿ ಕೋಲ್ಕತ್ತದ ಮೇಲೇ ಇದೆ
2011ರ ಸೆಪ್ಟೆಂಬರ್‌ನಲ್ಲಿ ಮನಮೋಹನ್ ಸಿಂಗ್ ಢಾಕಾಗೆ ಹೊರಟಾಗ ತೀಸ್ತಾ ನೀರು ಹಂಚಿಕೆಯ ಕರಡು ರೆಡಿ ಇತ್ತು. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ಮುಖ್ಯಮಂತ್ರಿಗಳು ಜೊತೆಗೆ ಹೋದ್ರು. ತೀಸ್ತಾ ಹರಿಯೋ ಪಶ್ಚಿಮ ಬಂಗಾಳದ ಮಮತಾ ಬ್ಯಾನರ್ಜಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿದ್ರು. ಆ ಕರಡಿಗೆ ಇವತ್ತಿಗೂ ಸಹಿ ಬಿದ್ದಿಲ್ಲ.

ಈಗ ಗಂಗೆಯ ಸರದಿ. 1996ರ ಡಿಸೆಂಬರ್ 12ರಂದು ಸಹಿಯಾದ 30 ವರ್ಷದ ಒಪ್ಪಂದದ ಅವಧಿ 2026ರ ಡಿಸೆಂಬರ್‌ವರೆಗೆ ಮಾತ್ರ. ಜನವರಿಯಿಂದ ಮೇವರೆಗೆ ಹತ್ತತ್ತು ದಿನಕ್ಕೊಂದು ಲೆಕ್ಕ. ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ದಾಟದಿದ್ರೆ ಎರಡೂ ದೇಶಕ್ಕೆ ಸಮಪಾಲು. ಆಗ ಪ್ರಧಾನಿ ದೇವೇಗೌಡರು. (ನೀರಿನ ಜಗಳ ಅಂದ್ರೇನು ಅಂತ ಹಾಸನದವರಿಗೆ ಯಾರೂ ಬ್ರೀಫಿಂಗ್ ಕೊಡಬೇಕಿರಲಿಲ್ಲ.) ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಸಹಿಗೆ ಮುಂಚೆಯೇ ಢಾಕಾಗೆ ಹೋಗಿ ಮಾತಾಡಿ ಬಂದಿದ್ರು.

ಈ ಸಲ ಶುರುವೇ ಎಡವಟ್ಟು. 2024ರ ಜೂನ್‌ನಲ್ಲಿ ಮೋದಿ, ಹಸೀನಾ ನವೀಕರಣದ ತಾಂತ್ರಿಕ ಮಾತುಕತೆ ಘೋಷಿಸಿದ್ರು. ನಮ್ಮನ್ನು ಕೇಳಲೇ ಇಲ್ಲ ಅಂತ ಮಮತಾ ಪತ್ರ ಬರೆದ್ರು. ಕೇಂದ್ರದ ಮೂಲಗಳು ಅದನ್ನು ಅಲ್ಲಗಳೆದವು. ಆಗಸ್ಟ್‌ನಲ್ಲಿ ಹಸೀನಾ ದೇಶವನ್ನೇ ಬಿಟ್ರು.

ನಾನು ಓದಿದ್ದು ಇಂಜಿನಿಯರಿಂಗ್. ಯಾವ ಕೆಲಸ ತಡವಾದ್ರೆ ಇಡೀ ಪ್ರಾಜೆಕ್ಟ್ ನಿಲ್ಲುತ್ತೋ ಅದನ್ನೇ ಮೊದಲು ಹಿಡೀಬೇಕು ಅಂತ ಅಲ್ಲಿ ಕಲಿಸ್ತಾರೆ. ಹಾಗಾಗಿ ವಿದೇಶಾಂಗ ಕಾರ್ಯದರ್ಶಿ ಢಾಕಾ ಟಿಕೆಟ್ ಬುಕ್ ಮಾಡೋ ಮುಂಚೆ ಕೋಲ್ಕತ್ತಕ್ಕೆ ಹೋಗಲಿ. ಅಲ್ಲಿ ಯಾವ ಪಕ್ಷವೇ ಇರಲಿ, ರಾಜ್ಯ ಎಷ್ಟು ಕ್ಯುಸೆಕ್‌ವರೆಗೆ ಒಪ್ಪುತ್ತೆ ಅನ್ನೋದನ್ನು ಬರಹದಲ್ಲೇ ತರಲಿ. ಇಲ್ಲದಿದ್ರೆ 2027ರ ಜನವರಿ 1ಕ್ಕೆ ಫರಕ್ಕಾದ ಗೇಟ್‌ನ ಯಾವ ಲೆಕ್ಕದ ಮೇಲೆ ಎತ್ತೋದು?